ಎದುರಾಳಿಗೆ ಐದು ಮಿನಿಟು

ಬಂಟ್ವಾಳ ಪೇಟೆಯ ನಮ್ಮ ತಾಳಮದ್ದಳೆ ಸಂಘದಲ್ಲಿ ಭಾನುವಾರ ಮಧ್ಯಾಹ್ನದ ಕೂಟ ಎಂದರೆ ವಾದವೇ ವಾದ. ವೇಷ ಇಲ್ಲ, ಕುಣಿತ ಇಲ್ಲ. ಚಾಪೆಯ ಮೇಲೆ ಎದುರುಬದುರು ಕುಳಿತು, ಭಾಗವತರು ಹಾಡಿದ ಪದ್ಯಕ್ಕೆ ಅರ್ಥ ಹೇಳುತ್ತ ಜಗಳ ಕಾಯುವುದು. ಕಥೆಯಲ್ಲಿ ಸೋಲಲೇಬೇಕಾದ ರಾಜನಿಗೂ ಮಾತಿನಲ್ಲಿ ಗೆಲ್ಲುವ ಅವಕಾಶ ಇತ್ತು. ಜನ ಬರುತ್ತಿದ್ದದ್ದೇ ಅದಕ್ಕೆ. ದೇವರ ಪಾತ್ರ ಹೆಚ್ಚಾಗಿ ಹೈಸ್ಕೂಲು ಮಾಷ್ಟ್ರಾದ ನನಗೆ. ಎದುರಿನ ರಾಜ ಬೆಲ್ಲದಂಗಡಿಯ ಬ್ಯಾರಿಯವರು, ನಮ್ಮ ಕೂಟದ ಒಬ್ಬರೇ ಮುಸ್ಲಿಮರು, ನನ್ನ ಹದಿನೈದು ವರ್ಷಗಳ ಗೆಳೆಯರು. ದೇವರನ್ನು ತಬ್ಬಿಬ್ಬು ಮಾಡುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ.

ಅರುವತ್ತರ ದಶಕದ ನಡುವೆ ಸಂಘ ಹದಗೆಟ್ಟಿತು. ಯಾರಿಗೆ ಯಾವ ಪಾತ್ರ ಎಂಬ ತಕರಾರಿನಲ್ಲಿ ಎರಡು ವರ್ಷ ಮಹಾಸಭೆಯೇ ಮುಗಿಯಲಿಲ್ಲ. ಹೊರಗೆ ಅಕ್ಕಿಗೆ ತತ್ವಾರ, ಪಂಚಾಯತಿಯಲ್ಲಿ ದಿನಾ ಬೈದಾಟ. ಆಗಲೇ ಮೂಡಬಿದಿರೆ ಕಡೆಯಿಂದ ಬಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ತರುಣನೊಬ್ಬ ಹತ್ತು ಮಂದಿಯನ್ನು ಕಟ್ಟಿಕೊಂಡು ಸಂಘಕ್ಕೆ ಸೇರಿದ. ಗುಡಿಸುವವರು ಅವರು, ಚಾಪೆ ಹಾಸುವವರು ಅವರು. ರೇಶನ್ ಅಂಗಡಿಯ ಸಾಲನ್ನು ಸರಿಮಾಡಿದ್ದೂ ಅವರೇ. ಎಲ್ಲರ ಹೆಗಲಲ್ಲಿ ಒಂದೇ ಬಣ್ಣದ ಶಾಲು, ಅವನ ಕೊರಳಲ್ಲಿ ಮಾತ್ರ ವಿಸಿಲ್. ಅವನು ಚಪ್ಪಾಳೆ ತಟ್ಟಿದರೆ ಹತ್ತೂ ಜನ ತಟ್ಟುತ್ತಿದ್ದರು, ಅವನು ನಿಲ್ಲಿಸಿದರೆ ನಿಲ್ಲಿಸುತ್ತಿದ್ದರು.

ನನಗೆ ಮೊದಲ ದಿನದಿಂದಲೇ ಅನುಮಾನ. ಇಷ್ಟು ಸರಿಯಾದ ಹೊತ್ತಿಗೆ ಬರುವವರು ಏನೋ ಲೆಕ್ಕ ಹಾಕಿಯೇ ಬರುತ್ತಾರೆ ಎಂದು ಹೆಂಡತಿಗೆ ಹೇಳಿದೆ. "ನಿಮಗೆ ಚಾಪೆ ಹಾಸಿದವರ ಮೇಲೂ ಸಂಶಯ ಮಾರಾಯ್ರೆ" ಎಂದಳು. ಬೆಳ್ತಂಗಡಿಯಲ್ಲೂ ಇಂಥದೇ ಗುಂಪೊಂದು ವಾಚನಾಲಯದ ಬೀಗದ ಕೈ ಹಿಡಿದಿದೆ ಎಂದು ಬಸ್ಸಿನಲ್ಲಿ ಕೇಳಿದ ಮೇಲೆ ಅನುಮಾನ ಗಟ್ಟಿಯಾಯಿತು. ಜರ್ಮನಿಯ ಜನ ಕಿತ್ತಾಟದಿಂದ ಬೇಸತ್ತು, ಎಲ್ಲವನ್ನೂ ಕೈಯಾರೆ ಒಬ್ಬನಿಗೆ ಬಿಟ್ಟುಕೊಟ್ಟ ಪಾಠವನ್ನು ವರ್ಷವರ್ಷವೂ ಮಾಡುತ್ತಿದ್ದವನು ನಾನು.

ಆದರೂ ಮುಂದಿನ ಮಹಾಸಭೆಯಲ್ಲಿ, ಗದ್ದಲ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದ್ದಾಗ, ಆ ತರುಣ ಎದ್ದು ನಿಂತು "ಒಂದು ವರ್ಷ ವೋಟು ಬೇಡ. ಎಲ್ಲ ನಮಗೆ ಬಿಡಿ, ನಡೆಸಿ ತೋರಿಸ್ತೇವೆ" ಎಂದ. ಯಾರಾದರೂ ಅನುಮೋದಿಸಬೇಕಿತ್ತು. ಅನುಮೋದಿಸಿದವನು ನಾನು. ಬೇಗ ಮನೆಗೆ ಹೋಗಬೇಕಿತ್ತು, ಅಷ್ಟೇ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ತಿಂಗಳೊಳಗೆ ನಿಯಮ ಬಂತು: ಹೇಳುವ ಅರ್ಥವನ್ನು ಮೊದಲೇ ಬರೆದು ತೋರಿಸಬೇಕು. ಆಮೇಲೆ ಇನ್ನೊಂದು: ದೇವರಿಗೆ ಮಿತಿ ಇಲ್ಲ, ಎದುರಾಳಿಗೆ ಐದು ಮಿನಿಟು. "ಹೊತ್ತು ಉಳೀಲಿಕ್ಕೆ ಮಾಷ್ಟ್ರೆ, ಬೇರೇನಿಲ್ಲ" ಎಂದು ನಗುತ್ತಿದ್ದ. ಬ್ಯಾರಿಯವರನ್ನು ಬಿಟ್ಟು ಬೇರೆ ಎದುರಾಳಿಗಳು ಹತ್ತು ಮಿನಿಟು ಮಾತಾಡಿದರೂ ಅವನು ವಿಸಿಲ್ ಊದುವುದಿಲ್ಲ ಎಂಬುದನ್ನು ನಾನು ಗಡಿಯಾರ ನೋಡಿ ಖಚಿತ ಮಾಡಿಕೊಂಡಿದ್ದೆ. ಬಾಯಿ ಬಿಡಲಿಲ್ಲ.

ಒಂದು ಭಾನುವಾರ ಬ್ಯಾರಿಯವರು ಸಾಯುವ ರಾಜನಾಗಿ ನನ್ನ ಕಡೆ ಬಾಗಿ ಶುರುಮಾಡಿದರು: "ದೇವಾ, ನಿನ್ನನ್ನು ಒಂದು ಮಾತು ಕೇಳುತ್ತೇನೆ. ನ್ಯಾಯ ನಿನ್ನ ಕಡೆಗೇ ಇದ್ದರೆ..."

ವಿಸಿಲ್ ಕೇಳಿಸಿತು. ನಾಲ್ಕು ಮಿನಿಟೂ ಆಗಿರಲಿಲ್ಲ. ಶಾಲಿನವರೆಲ್ಲ ಒಟ್ಟಿಗೆ "ಸಾಕು, ಸಾಕು" ಎಂದರು. ಬ್ಯಾರಿಯವರು ಅವರ ಕಡೆ ತಿರುಗಲೂ ಇಲ್ಲ, ನನ್ನನ್ನೇ ನೋಡಿದರು. ಅವರು ಹೇಳಲಿ ಎಂದು ನಾನೊಂದು ಮಾತು ಅಂದಿದ್ದರೆ ಹಳಬರೆಲ್ಲ ದನಿಗೂಡಿಸುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಅವರಿನ್ನೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟೆ. ಅಂಥ ಚಪ್ಪಾಳೆ ನನಗೆ ಜನ್ಮದಲ್ಲಿ ಬಿದ್ದಿರಲಿಲ್ಲ.

ಬ್ಯಾರಿಯವರು ಮತ್ತೆ ಕೂಟಕ್ಕೆ ಬರಲಿಲ್ಲ. ಆ ತರುಣ ಪಂಚಾಯತಿ ಚುನಾವಣೆಗೆ ನಾಮಪತ್ರ ಹಾಕಿದ ಸುದ್ದಿ ತಿಳಿದಾಗ ನಾನು ಬೆಲ್ಲದಂಗಡಿಗೆ ಓಡಿದೆ.

"ಸಾಹೇಬ್ರೆ, ನೀವು ನಿಲ್ಲಿ. ನಿಮ್ಮ ಬೆನ್ನಿಗೆ ನಾನಿದ್ದೇನೆ. ಅವನನ್ನು ಹೀಗೇ ಬಿಡ್ಲಿಕ್ಕೆ ಆಗುದಿಲ್ಲ."

ಅವರು ಬೆಲ್ಲದ ಅಚ್ಚನ್ನು ಕಾಗದದಲ್ಲಿ ಸುತ್ತುತ್ತ ಕೇಳಿದರು: "ಅಲ್ಲಿಯೂ ಅವ ವಿಸಿಲ್ ಊದ್ತಾನೆ ಮಾಷ್ಟ್ರೆ. ಆಗ ನೀವು ಏನು ಮಾಡ್ತೀರಿ?"

ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಆದರೂ ನಾನು, ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೋ ಏನೋ ಎಂದು, ಒಮ್ಮೆ ರಸ್ತೆಯ ಕಡೆ ತಿರುಗಿ ನೋಡಿದೆ. ಅದನ್ನು ಅವರು ಕಂಡರು.

"ಹೋಗಿ ಬನ್ನಿ" ಎಂದರು.

ನಮ್ಮ ವಾರ್ಡಿನಲ್ಲಿ ಆ ಸಲ ಮತದಾನವೇ ನಡೆಯಲಿಲ್ಲ. ಎದುರು ಯಾರೂ ನಿಲ್ಲದ್ದರಿಂದ ಆ ತರುಣ ಅವಿರೋಧವಾಗಿ ಆಯ್ಕೆಯಾದ.