ಗಂಗಣ್ಣನವರಿಗೆ ಕೇಳಿಸಿದ ಸದ್ದು

ದೆವ್ವ, ಪಿಶಾಚಿ, ಸತ್ತವರು ಬಂದು ಮಾತಾಡಿಸಿದರು ಅಂತೆಲ್ಲ ಯಾರಾದರೂ ಶುರುಮಾಡಿದರೆ, ‘ಬುಡಪ್ಪಾ, ಬೇರೆ ಕೆಲಸ ಇಲ್ವಾ’ ಅಂದು ಎದ್ದುಹೋಗುತ್ತಿದ್ದವನು ನಾನು. ಈಗಲೂ ಪೂರ್ತಿ ನಂಬಿದ್ದೇನೆ ಅಂತಲ್ಲ. ಆದರೆ ಹಾಲ್ಕುರಿಕೆಯ ಆ ಸಂಜೆಗೆ ಏನನ್ನೋಣ, ನೀವೇ ಹೇಳಿ.

ಎಂಬತ್ತರ ದಶಕ. ತಿಪಟೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಸ್ಲೈಡ್ ಪ್ರೊಜೆಕ್ಟರ್ ಒಂದನ್ನು ತಂದಿಟ್ಟುಕೊಂಡು ಊರಿಗೆಲ್ಲ ನಾನೊಬ್ಬನೇ ಅಂತ ಮೆರೆಯುತ್ತಿದ್ದೆ. ಅಲ್ಲೇ ಹತ್ತಿರದ ಹಳ್ಳಿ ಹಾಲ್ಕುರಿಕೆಯ ಗಂಗಣ್ಣನವರ ಹೆಂಡತಿ ಪುಟ್ಟಮ್ಮ ತೀರಿಕೊಂಡು ವರ್ಷವಾಗಿತ್ತು. ತಿಥಿಯ ದಿನ ಆಕೆಯ ಫೋಟೋಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಬೇಕು, ಜೊತೆಗೆ ಸಂಗೀತವೂ ಇರಬೇಕು ಅಂತ ಮಕ್ಕಳ ಆಸೆ. ಹಿಂದಿನ ಸಂಜೆ ಒಮ್ಮೆ ಹಾಕಿ ನೋಡೋಣವೆಂದು ಹೋಗಿದ್ದೆ.

ಸಂಗೀತದ ವಿಷಯಕ್ಕೆ ಅಣ್ಣ ತಂಗಿಗೆ ಜಟಾಪಟಿ. ಮಗ ಶಿವಲಿಂಗನಿಗೆ ನಾದಸ್ವರ ಬೇಕು. ‘ಮದ್ವೆಮನೆ ಏನಣ್ಣಾ ಇದು?’ ಅಂತ ಮಗಳು ಕಮಲ. ಅವಳಿಗೆ ವೀಣೆಯೇ ಆಗಬೇಕು. ‘ಅವ್ವ ಯಾವತ್ತು ವೀಣೆ ಕೇಳಿದ್ಲೇ?’ ಅಂತ ಇವನು. ನಾನು ಒಯ್ದ ಕ್ಯಾಸೆಟ್ಟುಗಳಲ್ಲಿ ಒಂದೂ ಇಬ್ಬರಿಗೂ ಒಪ್ಪಿಗೆಯಾಗಲಿಲ್ಲ.

ಗಂಗಣ್ಣನವರಿಗೆ ಕಿವಿ ಹೋಗಿ ಎಷ್ಟೋ ವರ್ಷವಾಗಿತ್ತು. ಈ ಕೂಗಾಟವೂ ಅವರಿಗೆ ಕೇಳಿಸುತ್ತಿರಲಿಲ್ಲ. ನನ್ನ ಪಕ್ಕ ಕೂತು ಹೇಳಿದರು: ‘ಮುಖ ಹೆಂಗೂ ಕಾಣ್ತದೆ ಸಾಮಿ. ದನಿ ಮರ್ತೋಗೈತೆ. ಅವಳದು ಅಂತ ಒಂದೇ ಒಂದು ಸದ್ದು ಕೇಳುದ್ರೆ ಸಾಕಾಗಿತ್ತು.’ ಅಂಥದ್ದು ಯಾವ ಕ್ಯಾಸೆಟ್ಟಿನಲ್ಲಿ ಸಿಗುತ್ತದೆ?

ಕೊನೆಗೆ ಹಾಡಿಲ್ಲದೆಯೇ ಸ್ಲೈಡ್ ಹಾಕಿದೆ. ಪುಟ್ಟಮ್ಮ ಅಟ್ಟದ ಏಣಿ ಹತ್ತಿ ನಿಂತ ಫೋಟೋ ಬಂತು. ನಮ್ಮ ಕಡೆ ತೆಂಗಿನಕಾಯನ್ನು ಸಿಪ್ಪೆ ಸಮೇತ ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಲು ಬಿಡುತ್ತೇವೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗಿನ ಕೊಬ್ಬರಿ ಲೊಡಲೊಡ ಅಂದರೆ ಹದವಾಯಿತು ಅಂತ ಲೆಕ್ಕ. ಆ ಮನೆಯಲ್ಲಿ ಹದ ನೋಡುವ ಕೆಲಸ ಆಕೆಯದೇ ಆಗಿತ್ತು.

ಆಗ ಮೇಲಿನಿಂದ ಸದ್ದು ಬಂತು. ಲೊಡಲೊಡ. ಸ್ವಲ್ಪ ತಡೆದು ಇನ್ನೊಮ್ಮೆ. ಯಾರೋ ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸಿ ನೋಡಿದ ಹಾಗೆ. ಇಲಿ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಗಂಗಣ್ಣನವರು ತಲೆಯೆತ್ತಿ, ‘ಹದ ಆಗೈತೆ ಕಣೇ, ಹುಷಾರಾಗಿ ಇಳಿ’ ಅಂದುಬಿಟ್ಟರು!

ಮಕ್ಕಳು ದಂಗಾದರು. ಅವರಿಬ್ಬರಿಗೂ ಏನೂ ಕೇಳಿಸಿರಲಿಲ್ಲವಂತೆ. ಶಿವಲಿಂಗ ಬ್ಯಾಟರಿ ಹಿಡಿದು ಅಟ್ಟ ಹತ್ತಿದ. ಕಾಯನ್ನೆಲ್ಲ ಹಿಂದಿನ ವಾರವೇ ಇಳಿಸಿ ಗುಡಿಸಿದ್ದರು. ಇಲಿ ಉರುಳಿಸೋಕಾದರೂ ಒಂದು ಕಾಯಿ ಬೇಡವೇ? ಅದೂ ಇರಲಿಲ್ಲ.

‘ಅಪ್ಪಂಗೆ ಭ್ರಮೆ ಕಣ್ರೀ’ ಅಂದ ಶಿವಲಿಂಗ. ಇರಬಹುದು. ಹಾಗಾದರೆ ನನ್ನ ಕಿವಿಗೇನಾಗಿತ್ತು? ಎಷ್ಟು ಯೋಚಿಸಿದರೂ ಇವತ್ತಿನವರೆಗೂ ಬಗೆಹರಿದಿಲ್ಲ. ಮಾರನೆಯ ದಿನ ಸಂಗೀತ ಬೇಕು ಅಂತ ಯಾರೂ ಕೇಳಲಿಲ್ಲ.

ಹೊರಡುವಾಗ ಗಂಗಣ್ಣನವರು ಬಾಗಿಲವರೆಗೆ ಬಂದು ನನ್ನ ಕೈ ಹಿಡಿದುಕೊಂಡರು. ‘ನಿಮಗೂ ಕೇಳುಸ್ತಲ್ವಾ ಸಾಮಿ?’

ಹೌದು ಅಂತ ತಲೆಯಾಡಿಸಿದೆ.

‘ಹಂಗಾದ್ರೆ ಅವ್ಳೇ ಬುಡಿ’ ಅಂದು ಕಣ್ಣೊರೆಸಿಕೊಂಡು ಒಳಗೆ ಹೋದರು.