ಎಡಗಾಲಿನ ಬ್ರೇಕು

ಕಾಕಾ ಮರೆತ ಎನ್ನುತ್ತಾರೆ. ಬಂಧುಗಳಿರಲಿ, ಡೊಂಬಿವಲಿಯ ನಮ್ಮ ಹಳೆಯ ಚಾಳಿನವರಿರಲಿ, ಎಲ್ಲೇ ಸಿಕ್ಕರೂ ಇದೇ ಮಾತು: ಬುಲೆಟ್ಟಿಗೆ ಹೊಸ ಗೇರ್‌ಬಾಕ್ಸ್ ಹಾಕಿದ್ದನ್ನು ಆ ಕ್ಷಣ ಮರೆತುಬಿಟ್ಟ, ಪಾಪ. ನಾನು ಒಪ್ಪುವುದಿಲ್ಲ. ಹದಿನಾಲ್ಕು ವರ್ಷ ಬ್ರೇಕು ತುಳಿದಿದ್ದ ಎಡಗಾಲು ಅಂದೂ ಬ್ರೇಕನ್ನೇ ತುಳಿಯಲು ಹೋಯಿತು. ಅದು ಏನನ್ನೂ ಮರೆತಿರಲಿಲ್ಲ. ಹಾಗಾದರೆ ಮರೆತವರು ಯಾರು? ಇವತ್ತು ಅಪ್ಪನ ಮಂಚದ ಅಡಿ ಗುಡಿಸುವಾಗ ಗೋಣಿತಟ್ಟಿನ ಗಂಟೊಂದು ಪೊರಕೆಗೆ ತಗುಲಿತು. ಬಿಚ್ಚುವ ಮೊದಲೇ ವಾಸನೆ ಎದ್ದಿತು: ಗೇರ್ ಎಣ್ಣೆ, ಸೀಮೆಎಣ್ಣೆ, ಹಳೆಯ ಲೋಹ. ಬುಲೆಟ್ಟಿನಿಂದ ಇಳಿಸಿದ್ದ ಆ ಮೊದಲಿನ ಗೇರ್‌ಬಾಕ್ಸ್. ಪೊರಕೆ ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟೆ.

ನಿಮ್ಮ ಬಾಲ್ಯದ ಮನೆಗೂ ಒಂದು ವಾಸನೆ ಇದ್ದಿರಬೇಕು. ನಮ್ಮದು ಇದೇ. ವಿಜಾಪುರದ ಕಡೆಯಿಂದ ಬಂದ ನಾವು ನಾಲ್ವರು, ಒಂದೇ ಖೋಲಿಯ ಮನೆ, ಅದರ ಮುಂದೆ ಉದ್ದನೆಯ ಗ್ಯಾಲರಿ. ಅಪ್ಪ ಅಂಬರನಾಥದ ಕಾರ್ಖಾನೆಯಲ್ಲಿ ಫಿಟರ್. ಅವನ ತಮ್ಮ, ನಮ್ಮ ಕಾಕಾ, ಸಣ್ಣ ವರ್ಕ್‌ಶಾಪುಗಳ ಬಿಡಿಭಾಗಗಳನ್ನು ಬುಲೆಟ್ಟಿಗೆ ಕಟ್ಟಿಕೊಂಡು ವಾಗ್ಳೆ ಎಸ್ಟೇಟಿನ, ತುರ್ಭೆಯ ಕಾರ್ಖಾನೆಗಳಿಗೆ ಮುಟ್ಟಿಸುತ್ತಿದ್ದ. ಸಂಜೆ ಕೆಳಗೆ ಬುಲೆಟ್ಟಿನ ಡಬ್‌ಡಬ್ ಕೇಳಿಸಿತೆಂದರೆ ಅವ್ವ ಇನ್ನೊಂದು ರೊಟ್ಟಿಯ ಹಿಟ್ಟು ಮುರಿಯುತ್ತಿದ್ದಳು. ಮೆಟ್ಟಿಲು ಹತ್ತುತ್ತಲೇ ಕಾಕಾ ಕೂಗುತ್ತಿದ್ದ, "ವಕೀಲಬಾಯಿ ಅದಾಳೇನು? ಇವತ್ತ ಯಾರ್ನ ಸೋಲಿಸಿದ್ಲು?" ನನಗಾಗ ಹನ್ನೆರಡು ವರ್ಷ. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಎರಡರಲ್ಲೂ ಗೆಲ್ಲುತ್ತಿದ್ದೆ.

ಆ ಮಳೆಗಾಲದಲ್ಲಿ ಕಬ್ಬಿಣದ ತುಂಡೊಂದು ಕಾಕಾನ ಬಲಪಾದದ ಮೇಲೆ ಬಿತ್ತು. ಗಾಯ ಮಾಯಿತು. ಆದರೆ ಪಾದವನ್ನು ಕೆಳಗೆ ಒತ್ತಬಲ್ಲ, ಮೇಲೆ ಎತ್ತಲಾರ. ಹಳೆಯ ಬುಲೆಟ್ಟಿನ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೊದಲ ಗೇರಿಗೆ ಬೆರಳತುದಿಯಿಂದ ಎತ್ತಲೇಬೇಕು. ಗಾಡಿ ಇಲ್ಲದೆ ಕೆಲಸವಿಲ್ಲ, ಆ ಕಾಲಿನಲ್ಲಿ ತುರ್ಭೆಯ ಹಮಾಲಿಯೂ ಆಗದು. ಎರಡು ತಿಂಗಳು ಅವನು ಗ್ಯಾಲರಿಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ. ಅವ್ವ ಇಟ್ಟ ತಟ್ಟೆ ಹಾಗೇ ಆರುತ್ತಿತ್ತು. ಒಂದು ದಿನ ಅಪ್ಪ ಕಲ್ಯಾಣದ ಗುಜರಿ ಅಂಗಡಿಯಿಂದ ಹೊಸ ಮಾದರಿಯ ಗೇರ್‌ಬಾಕ್ಸೊಂದನ್ನು ಹೊತ್ತುಕೊಂಡು ಬಂದ. ಅದರ ಗೇರು ಎಡಗಾಲಿಗೆ. "ಲೇ ತಮ್ಮಾ, ಏಳ. ನಿನ್ನ ಕಾಲ ಬದಲಿ ಮಾಡಾಕ ನನ್ನ ಕಡೆ ಆಗೂದಿಲ್ಲ. ಇದನ್ನ ಮಾಡತೀನಿ." ತೂತಿಗೆ ತೂತು ಕೂಡಲಿಲ್ಲ, ಅಪ್ಪ ಪಟ್ಟಿ ಕೊರೆದ, ಚೈನು ನೇರವಾಗಲು ತೆಳ್ಳನೆಯ ವಾಷರುಗಳನ್ನು ಒಂದೊಂದಾಗಿ ಸೇರಿಸಿದ, ಬ್ರೇಕಿನ ಪೆಡಲನ್ನು ಬಲಕ್ಕೆ ತರಲು ಗಾಡಿಯ ಹೊಟ್ಟೆಯ ಕೆಳಗಿಂದ ಸರಳು ಹಾಯಿಸಿದ. ಒತ್ತುವುದಷ್ಟೇ ಬರುವ ಬಲಗಾಲಿಗೆ ಬ್ರೇಕು, ಎತ್ತಲು ಬರುವ ಎಡಗಾಲಿಗೆ ಗೇರು. ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ.

ಆದರೂ ಅಪ್ಪ ಒಂದು ಷರತ್ತು ಹಾಕಿದ. ಚಾಳಿನ ಹಿಂದಿನ ಮೈದಾನದಲ್ಲಿ ಕಾಕಾ ವಾರವಿಡೀ ಗಾಡಿ ಓಡಿಸಬೇಕು. ಕೊನೆಯ ದಿನ ನಾನು ಹಿಂದೆ ಕುಳಿತು ಮನಸ್ಸಿಗೆ ಬಂದಾಗ "ಬ್ರೇಕ್" ಎಂದು ಕೂಗಬೇಕು, ಇಪ್ಪತ್ತು ಸಲ. "ಒಂದ ಸಲ ಎಡಗಾಲ ಹೋತು ಅಂದ್ರ ಹಳೇದ ಹಾಕಿಬಿಡತೀನಿ." ಕಾಕಾ ನಕ್ಕ. "ಇಕಿನ್ನ ಪಂಚ ಮಾಡು ಅಣ್ಣಾ. ಈ ವಕೀಲಬಾಯಿ ಸುಳ್ಳ ಹೇಳೂದಿಲ್ಲ." ಇಪ್ಪತ್ತು ಸಲ ಕೂಗಿದೆ. ಇಪ್ಪತ್ತೂ ಸಲ ಬಲಗಾಲು. ಖುಷಿಯಲ್ಲಿ ಚಾಳಿನ ಗೇಟಿನೊಳಗೆ ತಿರುಗುವಾಗ ಆಡೊಂದು ಛಂಗನೆ ಅಡ್ಡ ಹಾರಿತು. ನಾನು ಕೂಗಿರಲಿಲ್ಲ. ಕಾಕಾನ ಎಡಗಾಲು ಗಟ್ಟಿಯಾಗಿ ಗೇರನ್ನು ತುಳಿಯಿತು, ಗಾಡಿ ಜರ್ಕು ಹೊಡೆದು ಮುಂದೆ ನುಗ್ಗಿತು, ಆಡು ತಾನೇ ತಪ್ಪಿಸಿಕೊಂಡಿತು. ಇಬ್ಬರೂ ನಕ್ಕೆವು. ಆಮೇಲೆ ಅವನು ತಿರುಗಿ ನನ್ನ ಮುಖ ನೋಡಿದ. ಆ ಎರಡು ತಿಂಗಳ ಗೋಡೆ ಅವನ ಕಣ್ಣಲ್ಲಿ ಹಾಗೇ ಇತ್ತು. "ಇದ ಲೆಕ್ಕಕ್ಕ ಬರೂದಿಲ್ಲ ಹೌದಿಲ್ಲೋ? ಪರೀಕ್ಷಾ ಮುಗದಿತ್ತು." ನಾನು ಯೋಚಿಸಿದೆ. ವಾದ ಸರಿಯಿತ್ತು. "ಬರೋಬ್ಬರ್, ಕಾಕಾ. ಮುಗದಿತ್ತು."

ಮೇಲೆ ಗ್ಯಾಲರಿಯಲ್ಲಿ ಅಪ್ಪ ಹಳೆಯ ಗೇರ್‌ಬಾಕ್ಸನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಮರುದಿನ ಖಂಡೇಪೂಜೆ, ನಮ್ಮ ಕಡೆಯ ಆಯುಧಪೂಜೆ; ಹತ್ಯಾರುಗಳನ್ನು ಬೂದಿಯಿಟ್ಟು ಪೂಜೆಗೆ ಕೂಡಿಸಿದರೆ ಮತ್ತೆ ಮುಟ್ಟುವಂತಿಲ್ಲ. ಬದಲಿಸುವುದಾದರೆ ಅಂದೇ. "ಇಪ್ಪತ್ತಕ್ಕ ಇಪ್ಪತ್ತು," ಎಂದೆ. ಸುಳ್ಳಲ್ಲ. ಅಪ್ಪನ ಕೈ ನಿಂತಿತು. "ಮತ್ತೇನಿಲ್ಲಲಾ?" ಎಂದ, ನನ್ನ ಕಡೆ ನೋಡದೆ. ಇಲ್ಲ ಎಂದೆ. ಅವನು ಗೋಣಿತಟ್ಟು ಎಳೆದುಕೊಂಡು ಗಂಟು ಕಟ್ಟಿದ.

ಮರುದಿನ ಅವ್ವ ಬುಲೆಟ್ಟಿಗೆ ಚೆಂಡುಹೂವಿನ ಮಾಲೆ ಹಾಕಿದಳು. ಮಾಲೆ ಪೂರ್ತಿ ಒಣಗುವ ಮೊದಲೇ, ಶೀಳ್ ರಸ್ತೆಯಲ್ಲಿ, ಹಿಂದಕ್ಕೆ ಸರಿಯುತ್ತಿದ್ದ ನೀರಿನ ಟ್ಯಾಂಕರಿನೆದುರು ಯಾರೂ "ಬ್ರೇಕ್" ಎಂದು ಕೂಗಲಿಲ್ಲ. ಗಾಡಿ ನಿಲ್ಲುವ ಬದಲು ನುಗ್ಗಿತು ಎಂದು ಕಂಡವರು ಹೇಳಿದರು. ಕಾಕಾ ಹೋದ ಮೇಲೂ ಅವ್ವ ಬಹಳ ದಿನ ಸಂಜೆಯಾದರೆ ಒಂದು ರೊಟ್ಟಿ ಹೆಚ್ಚೇ ಬಡಿಯುತ್ತಿದ್ದಳು.

ಈಗ ಅವ್ವನಿಲ್ಲ. ಚಾಳನ್ನು ಕೆಡವಿದ್ದಾರೆ, ಗ್ಯಾಲರಿ, ಗೇಟು, ಮೈದಾನ ಯಾವುದೂ ಉಳಿದಿಲ್ಲ. ಅಪ್ಪನಿದ್ದಾನೆ. ಎದುರಿಗೆ ಗಂಟು ಬಿಚ್ಚಿಟ್ಟುಕೊಂಡು ಕೂತಿರುವ ನನ್ನನ್ನು ನೋಡಿಯೂ ಕಿಟಕಿಯ ಕಡೆ ಮುಖ ತಿರುಗಿಸಿದ್ದಾನೆ. ನನ್ನ ಪಾಲಿನದನ್ನು ಅವನೆದುರು ಹೇಳಿ ಮುಗಿಸಿದೆ, ಆಡಿನ ಸಮೇತ. ಅವನು ಬೆಚ್ಚಲಿಲ್ಲ. ಅದಕ್ಕೇ ಇಷ್ಟು ವರ್ಷ ಗಂಟಲಲ್ಲೇ ಉಳಿದದ್ದನ್ನೂ ಕೇಳಿದೆ:

"ಅಪ್ಪಾ, ಗ್ಯಾಲರಿಯಾಗ ನೀ ಕುಂತಿದ್ದ ಜಾಗದಿಂದ ಗೇಟ ಕಾಣತಿತ್ತು. ಆಡ ಅಡ್ಡ ಬಂದಾಗ ನೀನೂ ನೋಡಿದ್ದೇನು?"