ರಿಪೇರಿಯವನ ಹತ್ತಿರ ಪಟ್ಟಿ ಕೇಳಿದ್ದು

ಗೆಳೆಯರೇ, ಇವತ್ತು ಕಲೂರಿನ ನಮ್ಮ ಮನೆಯಲ್ಲಿ ಒಬ್ಬ ಕಂಪ್ಯೂಟರ್ ರಿಪೇರಿಯವನನ್ನು ಒಂದೇ ಮಾತಿಗೆ ಗೇಟು ದಾಟಿಸಿದೆ. ಬಂದವನು ಮುಚ್ಚಳ ಬಿಚ್ಚಿ ಎರಡು ನಿಮಿಷ ಇಣುಕಿ, "ಬೋರ್ಡ್ ಪೋಯಿ ಸಾರೇ, ಅಂಗಡಿಗೇ ಒಯ್ಯಬೇಕು" ಅಂತ ಪೆಟ್ಟಿಗೆಯನ್ನು ಎತ್ತಿಕೊಂಡೇಬಿಟ್ಟ. ಮಗಳು ನಾಳೆ ಶಾಲೆಗೆ ಕೊಡಬೇಕಾದ ಪ್ರಾಜೆಕ್ಟ್ ಅದರೊಳಗೇ ಇದೆ. ಅವಳ ಕಣ್ಣಲ್ಲಿ ನೀರು. ಬೇಡ ಕಣಪ್ಪಾ ಅಂದರೂ ಆಸಾಮಿ ಬಿಡಲೊಲ್ಲ.

ಅಂಗಡಿಗೆ ಹೋದ ಪೆಟ್ಟಿಗೆಯ ಒಳಗಿನ ಸಾಮಾನು ಬದಲಾಗಿ ಬರುತ್ತದೆ ಅನ್ನುವುದು ನನಗೆ ಗೊತ್ತಿಲ್ಲವೇ? ಹಳ್ಳಿ ಶಾಲೆಯಲ್ಲಿ ಓದಿದರೂ ತಲೆ ಪೇಟೆಯದು. ಒಳಗಿರುವುದನ್ನೆಲ್ಲ ಬರೆದು ಸಹಿ ಹಾಕಿಕೊಡಲಿ ಅಂತ, ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿದ ಮೂರು ತಿಂಗಳಲ್ಲಿ ಕಲಿತ ಮಲಯಾಳದಲ್ಲಿ ಗದರಿದೆ: "ಆದ್ಯಂ ಪಟ್ಟಿ ವರಟ್ಟೆ." ಅಂದರೆ, ಮೊದಲು ಪಟ್ಟಿ ಬರಲಿ. ಒಳಗಿದ್ದ ಹೆಂಡತಿಗೂ ಕೂಗಿದೆ, "ಲೇ, ಪಟ್ಟಿಗೊಂದು ಹಾಳೆ ತಾರೇ."

ಅವನು ಪೆಟ್ಟಿಗೆ ಕೆಳಗಿಟ್ಟು ಓಡಿದ. ಗೇಟಿನಾಚೆ ನಿಂತು, "ಬೋರ್ಡಿಗೆ ಏನೂ ಆಗಿಲ್ಲ ಸಾರೇ, ರ್‍ಯಾಮ್ ಸಡಿಲವಾಗಿದೆ, ಒತ್ತಿದರೆ ಸಾಕು" ಅಂದು ಸ್ಕೂಟರ್ ಹತ್ತಿದ. ಒತ್ತಿದೆ. ಪರದೆ ಬೆಳಗಿತು, ಪ್ರಾಜೆಕ್ಟೂ ಸಿಕ್ಕಿತು.

ನಾನು ಮೀಸೆ ತಿರುವುತ್ತಿದ್ದರೆ ಮಗಳು ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಇಲ್ಲಿ ಪಟ್ಟಿ ಅಂದ್ರೆ ನಾಯಿ."

ಬ್ಯಾಂಕಿಗೆ ಜಗಳಕ್ಕೆಂದು ಬಂದ ಗಿರಾಕಿಗಳಿಗೂ, ದೂರುಗಳನ್ನೆಲ್ಲ ಬರೆದು ಕೊಡಲಿ ಅಂತ, ನಾನು ದಿನಾ ಇದನ್ನೇ ಹೇಳುವುದು. ಅವರು ತೆಪ್ಪಗೆ ಎದ್ದು ಹೋಗುವುದು ನನ್ನ ಗತ್ತಿಗೆ ಅಂದುಕೊಂಡಿದ್ದೆ.